ಒಂದನೇ ಸಾಲು ನಿಮ್ಮದು

ಗುರುಗಳೇ ಎಂದು ಶುರು ಮಾಡಿದರೆ "ಹಂಗ ಅನಬ್ಯಾಡ, ಮಠ ಕಟ್ಟಬೇಕಾಗ್ತದ" ಎಂದು ಬೈಯುತ್ತಿದ್ದಿರಿ. ಆದ್ದರಿಂದ, ಪ್ರೀತಿಯ ಸರ್,

ನಮ್ಮ ಆ್ಯಂಟಿಬಾಡಿ ಕೊನೆಗೂ ಬಂತು. ಥರ್ಮೋಕೋಲ್ ಡಬ್ಬಿ ಬರೋಡಾದ ನಮ್ಮ ಲ್ಯಾಬಿಗೆ ಬಂದಾಗ ಐಸ್ ಇನ್ನೂ ಪೂರ್ತಿ ಕರಗಿರಲಿಲ್ಲ. ಒಳಗೆ ಬೆರಳ ತುದಿಯಷ್ಟೇ ಸೀಸೆ. ಇದಕ್ಕಾಗಿ ನೀವು ಕಸ್ಟಮ್ಸ್‌ನವರ ಜೊತೆ ಫೋನಿನಲ್ಲಿ ಎಷ್ಟು ಜಗಳವಾಡಿದಿರಿ! ನೀವು ಎದೆನೋವೆಂದು ಆಸ್ಪತ್ರೆಗೆ ಹೋಗಿ, ವಾಪಸ್ಸೇ ಬಾರದೆ ತಿಂಗಳಾದ ಮೇಲೆ ಬರಬೇಕಿತ್ತೇ ಅದು?

ನಾನು ಕುಂದಾಪುರದಿಂದ ಬಂದು ಸೇರಿದ ಹೊಸತರಲ್ಲಿ ಗೇಟಿನ ಹೊರಗೆ ಕಡಲೆಹಿಟ್ಟಿನ ಫಾಫಡಾ ಕರಿಯುವ ಗಾಡಿಯ ಮುಂದೆ ನಿಲ್ಲಿಸಿ ಪಾಠ ಮಾಡಿದ್ದಿರಿ. "ಹಳೇ ಎಣ್ಣಿ ಕಮಟು ಹಿಡೀತದಲ್ಲ, ಮೈಯಾಗಿನ ಕೊಬ್ಬೂ ಹಂಗ ಕೆಡತದವ್ವಾ. ಕೆಟ್ಟ ಚೂರು ಹೋಗಿ ಪ್ರೋಟೀನಿಗೆ ಅಂಟಿಕೊಳ್ತಾವ. ಆ ಅಂಟಿದ ಜಾಗಾ ಹುಡುಕಿ ಹಿಡಿಯೂದ ಈ ಆ್ಯಂಟಿಬಾಡಿ ಕೆಲಸ." ಹೀಗೆಂದವರು ಅದೇ ಕರಿ ಎಣ್ಣೆಯ ಫಾಫಡಾಕ್ಕೆ ಕೈ ಹಾಕಿದಿರಿ. ನಾನು ನಕ್ಕರೆ "ಇದು ಫೀಲ್ಡ್ ವರ್ಕ್" ಎಂದಿರಿ.

ರಕ್ತ ತೆಗೆದ ದಿನ ನೆನಪಿದೆಯೇ? ಸಕ್ಕರೆ ಕಾಯಿಲೆಯವರ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಎಲ್ಲ ಲ್ಯಾಬುಗಳ ಹಾಗೆ ನಮ್ಮಲ್ಲೂ ಅದಕ್ಕೆ ಸಿಗುವವರು ನಾವೇ. ಮೊದಲು ತೋಳು ಮಡಚಿದವರು ನೀವು. "ಒಂದನೇ ಲೇನ್ ನಂದು. ನನಗಿಂತ ನಾರ್ಮಲ್ ಮನಷ್ಯಾ ಗುಜರಾತಿನಾಗ ಸಿಗಂಗಿಲ್ಲ!"

ಕಳೆದ ವಾರ ಎಲ್ಲರ ರಕ್ತಕ್ಕೂ ಆ ಆ್ಯಂಟಿಬಾಡಿ ಹಾಕಿ, ಅದು ಅಂಟಿದ ಗುರುತು ಮೂಡುವ ಫಿಲ್ಮ್ ತೊಳೆದೆ. ಒಬ್ಬೊಬ್ಬರ ರಕ್ತಕ್ಕೆ ಒಂದೊಂದು ಸಾಲು, ಅದೇ ನಿಮ್ಮ ಲೇನ್; ಕೊಬ್ಬು ಕೆಟ್ಟಷ್ಟೂ ಪಟ್ಟಿ ಕಪ್ಪು. ರೋಗಿಗಳ ಸಾಲಿನಲ್ಲಿ ಕಪ್ಪು ಪಟ್ಟಿ, ನಮ್ಮವುಗಳಲ್ಲಿ ತೆಳು. ಒಂದನೇ ಸಾಲಿನಲ್ಲಿ, ನಿಮ್ಮದರಲ್ಲಿ, ಮಾತ್ರ ರೋಗಿಗಳಷ್ಟೇ ಕಪ್ಪು...

"ಮೊದಲು ಫ್ರಿಜ್ಜಿನ ಮ್ಯಾಲೆ ಸಂಶಯ ಪಡು" ಎನ್ನುತ್ತಿದ್ದಿರಲ್ಲ, ರಕ್ತ ಅಲ್ಲೇ ಕೆಟ್ಟಿತೇನೋ ಎಂದು ಸಂಶಯಪಟ್ಟೆ. ಆದರೆ ಅದೇ ದಿನ ತೆಗೆದು ಅದೇ ಡಬ್ಬಿಯಲ್ಲಿಟ್ಟಿದ್ದ ನನ್ನ ಜೊತೆಗಾರ ಜಿಗ್ನೇಶನ ರಕ್ತ ತೆಳುವಾಗಿಯೇ ಇತ್ತು. ಇನ್ನೊಮ್ಮೆ ಮಾಡಿದೆ. ನಿಮ್ಮದು ಮತ್ತೂ ಕಪ್ಪು. ಒಂದು ಫಿಲ್ಮ್ ನೋಡಿ ಹೃದಯದ ಕಥೆ ಹೇಳಲಾಗದು, ಗೊತ್ತು. ಆದರೂ ಮೆಟ್ಟಿಲ ಮೇಲೆ ಎದೆ ಹಿಡಿದು ನಿಂತು "ಗ್ಯಾಸ್" ಎಂದು ಸೋಡಾ ಕುಡಿಯುತ್ತಿದ್ದಿರಲ್ಲ, ನಿಮಗೆ ಗೊತ್ತಿತ್ತೇ ಸರ್? ನಿಮ್ಮ ಮೇಲೆ ನನಗೆ ಸಿಟ್ಟೂ ಬಂತು.

ಜಿಗ್ನೇಶ್ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ ಕಣ್ಣೊರೆಸಿಕೊಂಡ. "ಸರ್ ಕಾ ಸ್ಯಾಂಪಲ್ ನಿಕಾಲ್ ದೇತೇ ಹೈಂ. ಬಾಕಿ ಸಬ್ ಕ್ಲೀನ್ ಹೈ" ಎಂದ, ನಿಮ್ಮ ಸ್ಯಾಂಪಲ್ ತೆಗೆದುಬಿಡೋಣ, ಉಳಿದದ್ದೆಲ್ಲ ಚೊಕ್ಕವಾಗಿದೆ ಎಂದು. ಅವನು ಹೇಳಿದ್ದೂ ಸುಳ್ಳಲ್ಲ. ನಿಮ್ಮನ್ನು ಬಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ, ನನ್ನ ಥೀಸಿಸ್ ಮುಗಿಯುತ್ತದೆ. ಇಟ್ಟುಕೊಂಡರೆ ಎಲ್ಲ ಮಸುಕು, ಹೊಸಬರ ರಕ್ತ ಹುಡುಕಬೇಕು. ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತದೆ. ಮುಂದೆ ಹೇಗೋ ಏನೋ. ಆದರೆ ಉತ್ತರ ನೋಡಿದ ಮೇಲೆ ಪ್ರಶ್ನೆ ತಿದ್ದಿದವರನ್ನು ನೀವು ಲ್ಯಾಬಿನಿಂದಲೇ ಓಡಿಸುತ್ತಿದ್ದಿರಿ.

ತೆಗೆಯಲಿಲ್ಲ ಸರ್. ರಕ್ತ ಬೇಕೆಂದು ಕ್ಯಾಂಪಸ್ಸಿನಲ್ಲಿ ಚೀಟಿ ಅಂಟಿಸಿದ್ದೇವೆ. ಈ ಸಲ ಆರೋಗ್ಯವಂತರು ಎಂದು ಬರೆದುಕೊಳ್ಳುವ ಮೊದಲು ಡಾಕ್ಟರು ಒಬ್ಬೊಬ್ಬರ ಎದೆಯನ್ನೂ ನೋಡುತ್ತಾರೆ. ಫಾಫಡಾ ಗಾಡಿಯವನನ್ನೂ ಒಪ್ಪಿಸಿದ್ದೇನೆ. ಆ ಫಿಲ್ಮಿನಲ್ಲಿ ಒಂದನೇ ಸಾಲು ನಿಮ್ಮದೇ. ಅದರ ಕೆಳಗೆ, ನೀವು ಹೇಳಿದ ಹಾಗೆಯೇ, ನಾರ್ಮಲ್ ಎಂದು ಬರೆದಿದ್ದೇನೆ.