ಎರಡು ನಿಮಿಷ ಹೆಚ್ಚಿಗೆ ಅದ್ದಿದ ಬಣ್ಣ

ಮೇಲ್ಮಹಡಿ ಮನೆ
ಸೋಮವಾರ ಬೆಳಿಗ್ಗೆ, ಮಾರ್ಚ್ ೧೧

ಪ್ರೀತಿಯ ಇವಳೇ,

ನಿನ್ನ ಅಕ್ಕನ ಮಂಡಿ ಹೇಗಿದೆ? ಆಪರೇಷನ್ ಆಗಿ ಇಪ್ಪತ್ತು ದಿನವಾಯಿತು. ಈಗಲಾದರೂ ಅವರೇ ಮೆಟ್ಟಿಲು ಹತ್ತುತ್ತಾರೋ, ಇನ್ನೂ ನಿನ್ನನ್ನೇ ಮೇಲೆ ಕೆಳಗೆ ಓಡಿಸುತ್ತಿದ್ದಾರೋ? ನಿನ್ನ ಬೆನ್ನುನೋವಿನ ವಿಷಯ ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ಗೊತ್ತು, ಅದಕ್ಕೇ ನಾನು ಕೇಳುತ್ತಿದ್ದೇನೆ. ಇಲ್ಲಿ ಕಿಟಕಿಯ ಗಿಡಗಳಿಗೆಲ್ಲ ತಪ್ಪದೆ ನೀರು ಹಾಕುತ್ತಿದ್ದೇನೆ. ಅವುಗಳಲ್ಲಿ ಒಂದು ಪ್ಲಾಸ್ಟಿಕ್ಕಿನದು ಎಂದು ನಿನ್ನೆ ಗೊತ್ತಾಯಿತು. ಹೇಳಿ ಹೋಗಬಾರದಿತ್ತೇ?

ದೊಡ್ಡ ಸುದ್ದಿ ಏನೆಂದರೆ, ರಿಟೈರಾಗಿ ಎರಡು ವರ್ಷದ ಮೇಲೆ ಆಸ್ಪತ್ರೆಯವರು ನನ್ನನ್ನು ಮತ್ತೆ ಕರೆಸಿದ್ದಾರೆ. ಲ್ಯಾಬಿಗೆ ಒಂದು ಕಂಪ್ಯೂಟರ್ ಪ್ರೋಗ್ರಾಮು ಬಂದಿದೆ, ಅದಕ್ಕೆ ಸ್ಲೈಡುಗಳನ್ನು ಹೊಂದಿಸಿಕೊಡಲು ಹಳಬರೊಬ್ಬರು ಬೇಕಂತೆ. ನಾನು ಮೂವತ್ತೊಂದು ವರ್ಷ ಮಾಡಿದ ಕೆಲಸ ನಿನಗೆ ಗೊತ್ತಲ್ಲ: ರೋಗಿಯ ಮಾಂಸದ ಚೂರನ್ನು ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕೊಯ್ದು, ಗಾಜಿನ ಸ್ಲೈಡಿಗೆ ಅಂಟಿಸಿ, ಬಣ್ಣದಲ್ಲಿ ಅದ್ದಿ ಡಾಕ್ಟರಮ್ಮನ ಮೈಕ್ರೋಸ್ಕೋಪಿನ ಪಕ್ಕ ಇಡುವುದು. ಈ ಪ್ರೋಗ್ರಾಮು ಆ ಸ್ಲೈಡಿನ ಫೋಟೋ ನೋಡಿ, ಒಳ್ಳೆಯ ಭಾಗದ ಸುತ್ತ ಹಸಿರು ಗೆರೆ, ರೋಗದ ಭಾಗದ ಸುತ್ತ ಕೆಂಪು ಗೆರೆ ಎಳೆಯುತ್ತದೆ. ಡಾಕ್ಟರಮ್ಮ ಆ ಗೆರೆಗಳನ್ನು ನೋಡಿ ತೀರ್ಮಾನ ಹೇಳಿದರೆ ಆಯಿತು. ಇರುವವರು ಅವರೊಬ್ಬರೇ, ಕಾದಿದ್ದ ಸ್ಲೈಡು ನಾನೂರು. ಹೊರಗಿನ ಬೆಂಚಿನಲ್ಲಿ ಜನ ಒಂದು ಮಾತಿಗಾಗಿ ಮೂರು ವಾರದಿಂದ ಕಾಯುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ.

ಮೊದಲ ದಿನ ಎಲ್ಲರೂ ಪರದೆಯ ಮುಂದೆ ನಿಂತೆವು. ಪ್ರೋಗ್ರಾಮು ಸ್ಲೈಡಿನೊಳಗೆ ಸಿಕ್ಕಿದ ಗಾಳಿಗುಳ್ಳೆಗೆ ಕೆಂಪು ಗೆರೆ ಎಳೆಯಿತು. ಗಾಜಿನ ಗೀರಿಗೂ ಎಳೆಯಿತು. ಒಂದು ಸ್ಲೈಡಿನಲ್ಲಿ ನೊಣದ ಕಾಲು ಸಿಕ್ಕಿಕೊಂಡಿತ್ತು, ಅದಕ್ಕೆ ಅತ್ಯಂತ ಗಂಭೀರ ಕಾಯಿಲೆ ಎಂದಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, "ನೊಣದ ಮನೆಯವರಿಗೆ ಯಾರು ಹೇಳ್ತೀರಿ?" ಎಂದು ಕೇಳಿ ಎದ್ದು ಹೋದರು.

ಪ್ರೋಗ್ರಾಮಿನ ಜೊತೆ ಬಂದಿದ್ದ ಇಂಜಿನಿಯರ್ ಹುಡುಗಿಗೆ ಅಳುವೇ ಬಂದಿತ್ತು. ಅದು ಕಲಿತದ್ದು ಬೇರೊಂದು ದೊಡ್ಡ ಆಸ್ಪತ್ರೆಯ ಸ್ಲೈಡುಗಳಲ್ಲಂತೆ. ಅಲ್ಲಿ ನೂರಕ್ಕೆ ತೊಂಬತ್ತಾರು ಸರಿ ಹೇಳುತ್ತಿತ್ತಂತೆ. ಅಲ್ಲಿನವು ತಿಳಿಗುಲಾಬಿ, ನಮ್ಮವು ಕಡುನೇರಳೆ. ಯಾಕೆ ಹೀಗೆ ಎಂದು ಅವಳು ಒಂದು ವಾರ ಹುಡುಕಿದಳು. ಕ್ಯಾಮೆರಾ ಬದಲಾಯಿಸಿದಳು, ಬಲ್ಬು ಬದಲಾಯಿಸಿದಳು, ನಲ್ಲಿಯ ನೀರನ್ನು ಪರೀಕ್ಷೆಗೆ ಕಳಿಸಿದಳು. ಫೋಟೋಗಳನ್ನೇ ತಿಳಿಬಣ್ಣಕ್ಕೆ ತಿರುಗಿಸಿ ಕೊಟ್ಟು ನೋಡಿದಳು. ಆಗ ಅದು ನಿಜವಾದ ರೋಗವನ್ನೂ ಬಿಟ್ಟುಬಿಡತೊಡಗಿತು. ಕೊನೆಗೆ ನನ್ನನ್ನು, "ಅಜ್ಜಾ, ನೀವು ಬಣ್ಣದಲ್ಲಿ ಎಷ್ಟು ಹೊತ್ತು ಅದ್ದುತ್ತಿದ್ರಿ?" ಎಂದು ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು. ನಾನು ಕೆಲಸಕ್ಕೆ ಸೇರಿದಾಗಿನ ಹಿರಿಯ ಡಾಕ್ಟರಿಗೆ ಕಣ್ಣು ಮಂಜಾಗಿತ್ತು, ಬಣ್ಣ ಸಾಲದು ಎಂದು ರೇಗುತ್ತಿದ್ದರು. ಅವರ ಕಾಟ ತಪ್ಪಲಿ ಎಂದು ಎರಡು ನಿಮಿಷ ಹೆಚ್ಚಿಗೆ ಅದ್ದತೊಡಗಿದೆ. ಅವರು ಹೋದರೂ ಎರಡು ನಿಮಿಷ ಹೋಗಲಿಲ್ಲ. ನನ್ನ ಕೈಕೆಳಗೆ ಕಲಿತವರೆಲ್ಲ ಅದೇ ಶಾಸ್ತ್ರವೆಂದು ಅದ್ದಿದರು. ಬಾಯಿಬಿಡದೆ ಇದ್ದುಬಿಡೋಣ ಎಂದುಕೊಂಡೆ. ಆದರೆ ಆ ಬೆಂಚು ನೆನಪಾಯಿತು, ಹೇಳಿಬಿಟ್ಟೆ. ಹುಡುಗಿ, "ನಾನು ನೀರಿನ ಮೇಲೆ ಹತ್ತು ಪುಟದ ರಿಪೋರ್ಟ್ ಬರೆದಿದ್ದೀನಿ" ಎಂದಳು.

ಇನ್ನು ಮೇಲೆ ಕಡಿಮೆ ಅದ್ದಿದರಾಯಿತು ಎಂದೆ. ಡಾಕ್ಟರಮ್ಮ ಒಪ್ಪಲಿಲ್ಲ. "ನನ್ನ ಕಣ್ಣು ಈ ಬಣ್ಣಕ್ಕೇ ಒಗ್ಗಿದೆ. ಹಳೇ ಸ್ಲೈಡೆಲ್ಲಾ ಇದೇ ಬಣ್ಣ. ಅದೇ ಕಲಿಯಲಿ. ಕೆಡಿಸಿದವರೇ ಕಲಿಸಲಿ" ಎಂದರು. ಹಾಗಾಗಿ ನಾನು ಮೇಷ್ಟರಾದೆ. ನಮ್ಮ ನಲವತ್ತು ಸ್ಲೈಡುಗಳ ಮೇಲೆ, ಡಾಕ್ಟರಮ್ಮ ಗುರುತು ಹಾಕಿಕೊಟ್ಟ ಕಡೆ, ಪರದೆಯ ಮೇಲೆ ಪೆನ್ನಿನಿಂದ ಒಂಬತ್ತು ದಿನ ಸುತ್ತುಗೆರೆ ಎಳೆದೆ. ಅದನ್ನು ನೋಡಿ ಪ್ರೋಗ್ರಾಮು ಕಲಿಯಿತು. ನೀನು ಅಳಿಯನಿಗೆ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಕಲಿಸಿದ್ದಕ್ಕಿಂತ ಬೇಗ ಕಲಿಯಿತು. ಎಂದೂ ನೋಡದ ಇಪ್ಪತ್ತು ಸ್ಲೈಡುಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ಹತ್ತೊಂಬತ್ತು ಸರಿ. ಇಪ್ಪತ್ತನೆಯದರಲ್ಲಿ ಅದು ಕೆಂಪು ಸುತ್ತಿದ ಜಾಗ ತಪ್ಪೆಂದು ಡಾಕ್ಟರಮ್ಮ ಮೊದಲು ಹೇಳಿದರು. ಮತ್ತೆ ಬಗ್ಗಿ ನೋಡಿ, ಅದು ಹೇಳಿದ್ದೇ ಸರಿ ಎಂದರು. ಆ ರೋಗಿಯನ್ನು ಅಂದೇ ಫೋನ್ ಮಾಡಿ ಕರೆಸಿದರು. ಈಗ ಬೆಂಚಿನವರು ಐದು ದಿನ ಕಾದರೆ ಸಾಕು. ನಾನು ಮುಂಬಾಗಿಲಿನಿಂದಲೇ ಹೋಗುತ್ತೇನೆ.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ, ಭಾವನವರಿಗೂ. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಭಾರ ಎತ್ತಬೇಡ.

ಎಂದೆಂದೂ ನಿನ್ನವನೇ ಆದ,
ನಿಮ್ಮ ಮನೆಯವರು

ತಾ.ಕ.: ಇಷ್ಟು ಬರೆದು ಲಕೋಟೆ ಅಂಟಿಸುವವನಿದ್ದೆ, ಆದರೆ ಮುಚ್ಚಿಟ್ಟರೆ ನೀನು ಬಿಡುವವಳಲ್ಲ. ಪ್ರೋಗ್ರಾಮು ಜಾಗಗಳನ್ನೇನೋ ಸರಿಯಾಗಿಯೇ ಹಿಡಿಯುತ್ತಿದೆ, ಗೆರೆ ಮಾತ್ರ ಅಲೆಅಲೆಯಾಗಿ ಬರುತ್ತಿದೆ. ಯಾಕೆಂದು ಡಾಕ್ಟರಮ್ಮ ಕೇಳಿದರು. "ತೋರಿಸಿದ ಹಾಗೆ ಎಳೆಯುತ್ತೆ ಮೇಡಂ" ಎಂದಳು ಹುಡುಗಿ. ಕುರ್ಚಿ ಅಲುಗುತ್ತದೆ ಎಂದೆ. ಡಾಕ್ಟರಮ್ಮ ಬೇರೆ ಕುರ್ಚಿ ತರಿಸಿ ಎಳೆಸಿದರು, ನನ್ನ ಗೆರೆ ಹಾಗೆಯೇ ಬಂತು. ಆಮೇಲೆ ನನ್ನ ಬಲಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಈ ನಡುಕ ಯಾವಾಗಿನಿಂದ ಎಂದು ಕೇಳಿದರು. ಗುರುವಾರ ಹತ್ತು ಗಂಟೆಗೆ ನರದ ಡಾಕ್ಟರ ಬಳಿ ಹೋಗಬೇಕು. ಔಷಧಿ ಇದೆ, ಹೆದರಬೇಡಿ ಎಂದಿದ್ದಾರೆ. ಆದರೂ ಒಬ್ಬನೇ ಹೋಗಲು ಧೈರ್ಯ ಸಾಲದು. ಬುಧವಾರದ ಬಸ್ಸಿಗೆ ಬಾ. ಅಕ್ಕ ಯಾಕೆಂದು ಕೇಳಿದರೆ, ನಾನು ಅಡುಗೆಮನೆಗೆ ಬೆಂಕಿ ಇಟ್ಟೆ ಎಂದು ಹೇಳು. ತಕ್ಷಣ ನಂಬುತ್ತಾರೆ.