ಕೆಂಪಿನ ಮೇಲೆ ಕಪ್ಪು

ಮಾರ್ಚ್ ೩, ಬೆಳಿಗ್ಗೆ

ಇನ್ನೂ ಆರು ಗಿಟಾರ್‌ಗಳ ವಿವರದ ಚೀಟಿ ಬಾಕಿ. ಮ್ಯೂಸಿಯಂ ಮೇಡಂ ಆಗಲೇ ಎರಡು ಸಲ ಫೋನ್ ಮಾಡಿದರು. ಹದಿನೈದಕ್ಕೆ ಪ್ರದರ್ಶನ — ಅರವತ್ತರ ದಶಕದಲ್ಲಿ ಹಡಗಿನಲ್ಲಿ ಬಂದ ಜಪಾನಿ ಎಲೆಕ್ಟ್ರಿಕ್ ಗಿಟಾರ್‌ಗಳು. ರಿಪೇರಿ ಮಾಡುವವಳೂ ನಾನೇ, ಇತಿಹಾಸ ಬರೆಯುವವಳೂ ನಾನೇ. ಟೈಸ್ಕೊ, ಗಯಾಟೋನ್ ಕಂಪನಿಗಳವು ಸುಲಭ. ಉಳಿದವೇ ತಲೆನೋವು. ಒಂದೇ ಕಾರ್ಖಾನೆ, ಒಂದೇ ಅಚ್ಚು. ತರಿಸಿಕೊಂಡ ವ್ಯಾಪಾರಿ ತನಗೆ ಬೇಕಾದ ಹೆಸರಿನ ಬ್ಯಾಡ್ಜ್ ಹೊಡೆಸುತ್ತಿದ್ದ. ಒಂದೇ ಬಸಿರಿನ ಮಕ್ಕಳಿಗೆ ಹತ್ತು ಮನೆತನದ ಹೆಸರು! ಆಗ ಅಗ್ಗದ ಮಾಲು ಅಂತ ಮೂಗು ಮುರಿದವರೇ ಈಗ ಹುಡುಕಿಕೊಂಡು ಬರುತ್ತಾರೆ.

ಕೊನೆಯ ಗಾಜಿನ ಪೆಟ್ಟಿಗೆ ಅಪ್ಪನ ಕಪ್ಪು ಗಿಟಾರಿಗೆ. ಉದ್ಘಾಟನೆಗೆ ಅಪ್ಪನೇ ನುಡಿಸಬೇಕು. ಎಪ್ಪತ್ತಾರರ ಮುಖದಲ್ಲಿ ಮದುಮಗನ ಕಳೆ.

ಮಾರ್ಚ್ ೫, ಮಧ್ಯಾಹ್ನ

ಫೋಟೋಗೆಂದು ಅಪ್ಪನ ಗಿಟಾರ್ ಬಿಚ್ಚಿದೆ. ಇಷ್ಟು ವರ್ಷ ಯಾರಿಗೂ ಅದರ ಸ್ಕ್ರೂ ಮುಟ್ಟಲು ಬಿಟ್ಟವರಲ್ಲ, ನನಗೂ. ಇವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು.

ಬ್ಯಾಡ್ಜ್ ಎತ್ತಿದರೆ ಕೆಳಗೆ ಬೇರೊಂದು ಬ್ಯಾಡ್ಜಿನ ಎರಡು ತೂತು. ಮೇಣ ತುಂಬಿ ಮುಚ್ಚಿದ್ದು. ಗಿಟಾರಿನ ಕತ್ತು, ಅಂದರೆ ನೆಕ್ಕಿನ ನಾಲ್ಕು ಸ್ಕ್ರೂ ತೆಗೆದು ಕಳಚಿದೆ. ಅದು ಕೂರುವ ಗುಳಿಯೊಳಗೆ ಕಪ್ಪು ಇಲ್ಲ — ಕೆಂಪು. ಕೆಂಪಿನ ಮೇಲೆ ಮೊಳೆಯಲ್ಲಿ ಕೊರೆದ ಎರಡು ಅಕ್ಷರ.

ಸೀಟಿ.

ಸೀಟಿ ಮಾಮ. ಅಪ್ಪನ ಬ್ಯಾಂಡಿನ ಜೊತೆಗಾರ. ಯಾವ ಹಾಡನ್ನಾದರೂ ಒಮ್ಮೆ ಕೇಳಿ ಶಿಳ್ಳೆ ಹಾಕುತ್ತಿದ್ದರಂತೆ, ಅದಕ್ಕೇ ಆ ಹೆಸರು. ಮೊದಲ ರೆಕಾರ್ಡಿಂಗಿನ ಬೆಳಿಗ್ಗೆ ಅವರ ಕೆಂಪು ಗಿಟಾರ್ ಕಳವಾಯಿತು. ಅದನ್ನು ಹುಡುಕುತ್ತ ಅವರು ಊರೆಲ್ಲ ಅಲೆಯುವಾಗ, ಸ್ಟುಡಿಯೋದವರ ಗಿಟಾರ್ ಹಿಡಿದು ಅವರ ಜಾಗದಲ್ಲಿ ಅಪ್ಪ ಕೂತರು. ಅಲ್ಲಿಂದ ಅಪ್ಪನಿಗೆ ಹೆಸರು. ಮಾಮ ಈಗ ಮಾರುಕಟ್ಟೆ ಹಿಂದೆ ಬೀಗದ ಕೈ ಮಾಡುತ್ತಾರೆ. ಮನೆಯಲ್ಲಿ ನೂರು ಸಲ ಕೇಳಿದ ಕಥೆ. ಹೇಳುತ್ತಿದ್ದವರು ಅಪ್ಪನೇ, ನಿಟ್ಟುಸಿರಿಟ್ಟು.

ಕಪ್ಪು ಗಿಟಾರ್ ಬಂದದ್ದು ಅದಾಗಿ ಆರು ತಿಂಗಳಿಗೆ. ಬೇರೆ ಬ್ರ್ಯಾಂಡು, ಬೇರೆ ವ್ಯಾಪಾರಿ ತರಿಸಿದ್ದು ಎಂದು ಅಪ್ಪ ಹೇಳಿದರೆ ಯಾರು ಇಲ್ಲ ಎನ್ನಬೇಕು? ಎಲ್ಲವೂ ಒಂದೇ ಥರ...

ಗೇಟಿನ ಸದ್ದು. ಅಪ್ಪ.

ಮಾರ್ಚ್ ೫, ಸಂಜೆ

ಹೇಗೋ ಜೋಡಿಸಿಟ್ಟೆ. ಅಪ್ಪ ಎತ್ತಿಕೊಂಡು ಎರಡು ಸ್ವರ ಮೀಟಿದರು.

"ನೆಕ್ ಬಿಚ್ಚಿದ್ಯಾ?"

"ಇಲ್ಲಪ್ಪ."



ಮಾರ್ಚ್ ೧೧

ಇಷ್ಟು ದಿನ ಡೈರಿಯಲ್ಲಿ ಏನೂ ಬರೆಯಲಾಗಲಿಲ್ಲ. ಅಪ್ಪ ಮಾತಾಡಿಸಿದರೆ ಹೂಂ, ಉಹೂಂ.

ಮೇಡಂ ಫೋನ್: "ನಿಮ್ಮ ತಂದೆ ಗಿಟಾರಿಂದೊಂದೇ ಬಾಕಿ ಕಣ್ರೀ. ಯಾವ ವರ್ಷ, ಎಲ್ಲಿ ಕೊಂಡ್ರು — ಎರಡು ಸಾಲು ಸಾಕು."

ಆ ಎರಡು ಸಾಲು!

ಮಾರ್ಚ್ ೧೨, ಬೆಳಿಗ್ಗೆ ೭

ಕೇಳಿಬಿಟ್ಟೆ. ಅಪ್ಪ ಕನ್ನಡಿ ಮುಂದೆ ಶೇವ್ ಮಾಡುತ್ತಿದ್ದರು.

"ಗಿಟಾರ್ ಒಳಗೆ ಸೀಟಿ ಮಾಮನ ಹೆಸರು ಯಾಕಿದೆ?"

ರೇಜರ್ ನಿಂತಿತು. 

"ಒಂದೇ ದಿನಕ್ಕೆ ಅಂತ ಬಚ್ಚಿಟ್ಟೆ ಮಗಳೇ. ಅವನಿದ್ರೆ ನಾನು ನುಡಿಸೋದನ್ನ ಯಾರು ಕೇಳ್ತಿದ್ರು? ಒಂದ್ಸಲ ಕೇಳ್ಲಿ ಅಂತ... ಆ ದಿನ ಮುಗೀಲೇ ಇಲ್ಲ."

"ಆಮೇಲಾದ್ರೂ ಕೊಡಬಹುದಿತ್ತಲ್ಲ?"

"ಯಾವ ಮುಖ ಇಟ್ಕೊಂಡು?"

ಅರ್ಧ ಮುಖಕ್ಕೆ ನೊರೆ. ಕನಿಕರ ಬಂತು, ಅದರ ಬೆನ್ನಿಗೇ ಸಿಟ್ಟೂ. ಹೇಳಿದೆ — ಚೀಟಿಯಲ್ಲಿ ಸುಳ್ಳು ಬರೆಯುವುದಿಲ್ಲ. ನಿಮ್ಮ ಬದಲು ನಿಜವನ್ನೂ ಬರೆಯುವುದಿಲ್ಲ, ಅದನ್ನು ನೀವೇ ಹೇಳಬೇಕು.

"ಹೆತ್ತಪ್ಪನ ಮಾನ ಹರಾಜು ಹಾಕ್ತೀಯಾ?" ಬಾಗಿಲು ದಡಾರ್ ಎಂದಿತು.

ಮಾರ್ಚ್ ೧೪, ಮಧ್ಯಾಹ್ನ ೩

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. 

ಊಟವಾದ ಮೇಲೆ ಅಪ್ಪ ಗಿಟಾರಿನ ಚೀಲ ಹೆಗಲಿಗೇರಿಸಿ, "ಕಾರ್ ತೆಗಿ" ಎಂದರು. ಅಷ್ಟೇ. ಮಾರುಕಟ್ಟೆ ಹಿಂದಿನ ಓಣಿ. ರಸ್ತೆಗೇ ತೆರೆಯುವ ಬಾಗಿಲು; ಅಪ್ಪನ ಪಕ್ಕ ನಾನೂ ನಿಂತೆ. ಮಾಮ ತೆಗೆದರು.  ಅಪ್ಪ ಚೀಲ ಮುಂದೆ ಚಾಚಿದರು.

ಮಾಮ ಅದನ್ನು ಬಿಚ್ಚಲೂ ಇಲ್ಲ. "ಕೊನೆಗೂ ತಂದ್ಯಾ."

"ನಿಂಗೆ... ಗೊತ್ತಿತ್ತಾ?"

"ಬಣ್ಣ ಬಳಿದ್ರೆ ದನಿ ಬದಲಾಗುತ್ತೇನೋ? ನಿನ್ನ ಕಪ್ಪು ಗಿಟಾರ್ ರೇಡಿಯೋದಲ್ಲಿ ಮೊದಲ್ನೇ ಸಲ ಕೇಳಿದಾಗ್ಲೇ ಗೊತ್ತಾಯ್ತು."

"ಬಂದು ಕೇಳ್ಬಾರ್ದಿತ್ತಾ?"

"ನಾನ್ಯಾಕೆ ಕೇಳ್ಲಿ? ಕದ್ದೋನು ನೀನು. ಹೇಳ್ಬೇಕಾದೋನೂ ನೀನೇ."

ಚೀಲ ಕಿತ್ತುಕೊಂಡರು. ಬಾಗಿಲು ಹಾಕಿಕೊಂಡರು.

ಅಪ್ಪ ಇನ್ನೂ ಅಲ್ಲೇ ನಿಂತಿದ್ದಾರೆ. ಬನ್ನಿ ಎಂದರೆ ತಲೆ ಅಲ್ಲಾಡಿಸಿದರು, ನಾನೊಬ್ಬಳೇ ಕಾರಿಗೆ ಬಂದೆ.

೩.೨೦

ಒಳಗಿಂದ ಗುಂಯ್ ಎನ್ನುವ ಸದ್ದು. ಆಂಪ್ಲಿಫೈಯರ್! ಐವತ್ತು ವರ್ಷ ಇಟ್ಟುಕೊಂಡಿದ್ದಾರೆ, ಗಿಟಾರೇ ಇಲ್ಲದ ಮನೆಯಲ್ಲಿ.

ಒಂದು ಸ್ವರ. ಇನ್ನೊಂದು. ಬೆರಳು ಎಡವುತ್ತಿದೆ, ಮತ್ತೆ ಮೊದಲಿಂದ. 

ನಿಂತಿತು. ಚಿಲಕದ ಸದ್ದು. ಬಾಗಿಲು ಅರ್ಧ ತೆರೆದಿದೆ. ಮಾಮ ಏನೋ ಹೇಳುತ್ತಿದ್ದಾರೆ, ಇಲ್ಲಿಗೆ ಕೇಳಿಸುತ್ತಿಲ್ಲ. ಬೈಗುಳವೇ ಇರಬೇಕು, ಕೈ ಬೀಸುತ್ತಿದ್ದಾರೆ. ಅಪ್ಪ ಬಗ್ಗಿದರು... ಒಳಗೆ ಹೋಗಲು ಹೊಸ್ತಿಲ ಬಳಿ ಚಪ್ಪಲಿ ಕಳಚಿಡುತ್ತಿದ್ದಾ—