ಬಾಗಿಲ ದೀಪದ ಲೆಕ್ಕ

ಅಪ್ಪಾ, ನಮಸ್ಕಾರ.

ಹೊಸ ದೇಶಕ್ಕೆ ಹೊಂದಿಕೊಳ್ತಾ ಇದ್ದೀವಿ. ಸಂಬಳ ಬಂದ ಕೂಡಲೇ ಬಾಡಿಗೆ, ನೀರು, ಗ್ಯಾಸಿಗೆ ಅಂತ ಎತ್ತಿಡ್ತೀವಿ. ಕರೆಂಟ್ ಬಿಲ್ ಮಾತ್ರ ಹಿಡಿತಕ್ಕೆ ಸಿಗ್ತಿಲ್ಲ. ಮೊದಲನೇದು ಬಂದಾಗ, ಬೇರೆಯವರದ್ದೇನೋ ಅಂತ ಮೇಲಿನ ಹೆಸರು ಎರಡು ಸಲ ನೋಡಿದೆ. ಈಗ ನಾನೂ ನಿಮ್ಮ ಹಾಗೆ ಎಲ್ಲರ ಹಿಂದೆಯೇ ಹೋಗಿ ದೀಪ ಆರಿಸ್ತೀನಿ. ನಾನು ಕೋಣೆಗೆ ಕಾಲಿಟ್ಟರೆ ಸಾಕು, ಮಗಳು "ತಾತ ಬಂದ್ರು!" ಅಂತ ಕೂಗ್ತಾಳೆ.

ನಿಮ್ಮ ಅಳಿಯನಿಗೆ ಬೇಕರಿಯಲ್ಲಿ ಎರಡನೇ ಪಾಳಿ. ಅವರು ಬರೋವರೆಗೂ ಬಾಗಿಲ ದೀಪ ಆರಿಸೋಕೆ ಮನಸ್ಸು ಬರೋದಿಲ್ಲ. ನಾನು ಹೊಲಿಗೆ ಕ್ಲಾಸಿಂದ ತಡವಾಗಿ ಬರುವಾಗ, ಇಡೀ ಮನೆ ಕತ್ತಲು ಮಾಡಿದ್ರೂ ನೀವು ಅದೊಂದನ್ನ ಹಚ್ಚಿಟ್ಟಿರ್ತಿದ್ರಿ. ಅದನ್ನ ಯಾವ ಖರ್ಚಿಗೆ ಸೇರಿಸ್ತಿದ್ರಿ ಅಪ್ಪಾ? ಬೇಗ ಬರೀರಿ, ನನ್ನ ಲೆಕ್ಕ ಅಲ್ಲೇ ನಿಂತಿದೆ.

ಇತಿ,
ನಿಮ್ಮ ಜಿಪುಣಿ ಮಗಳು